ಸೀತನಿಯ ಸಿಹಿ

ಹುಲಕೋಟಿಯ ಎರಿ ಹೊಲಗಳಲ್ಲಿ ಸೀತನಿ ತಿನ್ನುವ ದಿನಗಳಿವು. ಎಳ್ಳಮವಾಸಿಗೆ ಚರಗ ಚೆಲ್ಲುವ ಹೊತ್ತಿಗೆ ಹಿಂಗಾರಿ ಜೋಳ ಹದಕ್ಕೆ ಬಂದಿರುತ್ತದೆ. ಬದುವಿನ ಪಕ್ಕ ಸಣ್ಣ ಗುಂಡಿ ತೋಡಿ, ಕುಳ್ಳಿನ ಕೆಂಡದಲ್ಲಿ ಹಸಿ ತೆನಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ, ಹೊಟ್ಟು ಊದಿ ತಿನ್ನಬೇಕು. ಶೇಂಗಾ ಚಟ್ನಿ, ಬೆಲ್ಲ ಆಮೇಲೆ. ಮೊದಲ ಮುಷ್ಟಿ ಬರೀ ಕಾಳೇ ಇರಲಿ. ಅದರ ಸಿಹಿ ಎಲ್ಲಿಂದ ಬಂತೆಂದು ಯೋಚಿಸಲು ಅಷ್ಟು ಹೊತ್ತು ಬೇಕು.

ಅದು ಎಲೆಯಿಂದ ಬಂದದ್ದು. ಎಲೆ ಬಿಸಿಲಿನ ಕೆಂಪು, ನೀಲಿ ಬೆಳಕನ್ನು ಚೆನ್ನಾಗಿ ಹೀರಿಕೊಂಡು, ಆ ಬಲದಿಂದ ಬೇರು ಕಳಿಸಿದ ನೀರನ್ನು ಒಡೆಯುತ್ತದೆ. ಆಮ್ಲಜನಕ ಹೊರಗೆ ಹೋಗುತ್ತದೆ. ಹಿಡಿದಿಟ್ಟ ಶಕ್ತಿಯಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗುತ್ತದೆ. ಸಕ್ಕರೆ ತೆನಿಗೆ ಏರಿ, ಕಾಳಿನಲ್ಲಿ ದಿನದಿಂದ ದಿನಕ್ಕೆ ಪಿಷ್ಟವಾಗಿ ಗಟ್ಟಿಗೊಳ್ಳುತ್ತದೆ. ಹೂವಾಗಿ ಮೂರು-ನಾಲ್ಕು ವಾರಕ್ಕೆ ಸಕ್ಕರೆ ಪೂರ್ತಿ ಪಿಷ್ಟವಾಗದೆ ಉಳಿದಿರುತ್ತದಲ್ಲ, ಅದೇ ಸೀತನಿಯ ಹದ. ಉಗುರಿಟ್ಟು ಒತ್ತಿದರೆ ಹಾಲು ಚಿಮ್ಮಬಾರದು, ಕಾಳು ಕಟಕ್ಕೆನ್ನಲೂಬಾರದು. ಸಕ್ಕರಿ ಮುಕ್ಕರಿ ಎಂಬ ನಾಡತಳಿ ಇದಕ್ಕೆಂದೇ ಹೆಸರಾದದ್ದು. ನಾಲ್ಕು ಸಾಲಾದರೂ ಬಿತ್ತುವವರು ಉಳಿಯಬೇಕೆಂಬುದು ನನ್ನ ಆಸೆ. ರೊಟ್ಟಿಗೆ ಮಾಲದಂಡಿ ಇದ್ದೇ ಇದೆ.

ಸಿಹಿಯಾಯಿತು, ಇನ್ನು ಹುಳಿ. ಪಕ್ಕದ ಕಡ್ಲಿ ಹೊಲಕ್ಕೆ ಬೆಳಗಿನ ಇಬ್ಬನಿಯಲ್ಲಿ ಇಳಿದು ಒಂದು ಎಲೆ ನೆಕ್ಕಿ ನೋಡಿ. ನಮ್ಮ ಹಿರಿಯರು ಗಿಡಗಳ ಮೇಲೆ ಬಟ್ಟೆ ಹಾಸಿ, ನೆನೆದ ಬಟ್ಟೆ ಹಿಂಡಿ ಹುಳಿ ಶೇಖರಿಸುತ್ತಿದ್ದರು. ಅದರಲ್ಲಿರುವುದು ಮುಖ್ಯವಾಗಿ ಮ್ಯಾಲಿಕ್ ಆಮ್ಲ ಮತ್ತು ಆಕ್ಸಾಲಿಕ್ ಆಮ್ಲ. ಈ ಮ್ಯಾಲಿಕ್ ಆಮ್ಲವೇ ಪಕ್ಕದ ಜೋಳದ ಎಲೆಯೊಳಗೆ ಬೇರೆ ದುಡಿಮೆಯಲ್ಲಿದೆ. ಕಡ್ಲಿ ಅದನ್ನು ಎಲೆಯ ಕೂದಲಿನ ತುದಿಯಲ್ಲಿ ಒಸರುತ್ತದೆ. ಜೋಳ ಅದನ್ನು ಗಾಡಿಯಾಗಿ ಹೂಡುತ್ತದೆ.

ಕಡ್ಲಿ, ಗೋದಿ, ಹತ್ತಿಯ ಎಲೆಗಳಲ್ಲಿ ಗಾಳಿಯ ಇಂಗಾಲವನ್ನು ನೇರವಾಗಿ ಹಿಡಿಯುವುದು ರುಬಿಸ್ಕೋ ಎಂಬ ಕಿಣ್ವ. ಬಿಸಿಲು ಏರಿದಂತೆ ಅದು ತಪ್ಪುತ್ತದೆ, ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕ ಹಿಡಿದು ದುಡಿದದ್ದನ್ನು ಹಾಳುಮಾಡುತ್ತದೆ. ಜೋಳದಲ್ಲಿ ಹೊರಗಿನ ಕೋಶಗಳು ಬೇರೊಂದು ಕಿಣ್ವದಿಂದ ಇಂಗಾಲ ಹಿಡಿದು, ನಾಲ್ಕು ಇಂಗಾಲದ ಆ ಮ್ಯಾಲಿಕ್ ಆಮ್ಲವನ್ನೇ ಮಾಡಿ, ನರದ ಸುತ್ತ ಮಾಲೆಯಂತೆ ಕೂತ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ದಟ್ಟವಾಗಿ ಬಿಡುಗಡೆಯಾಗುವುದರಿಂದ ರುಬಿಸ್ಕೋ ದಾರಿ ತಪ್ಪುವುದು ತೀರ ಕಡಿಮೆ. ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲಾಕ್ 1966ರಲ್ಲಿ ಈ ದಾರಿಯನ್ನು ಬಿಡಿಸಿಟ್ಟದ್ದು ಜೋಳದ ದಾಯಾದಿ ಕಬ್ಬಿನ ಎಲೆಯಲ್ಲಿ. ಎಲೆಯ ತುಂಡನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಒತ್ತೊತ್ತಾದ ನರಗಳು ಕಾಣುತ್ತವೆ. ಮಾಲೆಗಳಿರುವುದು ಅವುಗಳ ಸುತ್ತಲೇ.

ಹೀಗಾಗಿ ಜೋಳ ಎಲೆಯ ರಂಧ್ರಗಳನ್ನು ಅಗಲವಾಗಿ ತೆರೆದಿಡಬೇಕಿಲ್ಲ. ಒಂದು ಕಿಲೋ ಒಣ ಬೆಳೆಗೆ ಗೋದಿ ಸುಮಾರು 500 ಲೀಟರ್ ನೀರು ಬೇಡಿದರೆ ಜೋಳ 300ರ ಆಸುಪಾಸಿನಲ್ಲಿ ಮುಗಿಸುತ್ತದೆ. ಬಿತ್ತಿದ ಮೇಲೆ ಮಳೆಯೇ ಬೀಳದಿದ್ದರೂ, ಎರಿ ನೆಲ ಬಿರಿದು ಕೈ ಇಳಿಯುವಷ್ಟು ಬಾಯಿಬಿಟ್ಟರೂ, ಒಳಗಿನ ಹಸಿಯಲ್ಲೇ ತೆನಿ ತುಂಬುವುದಕ್ಕೆ ಇದೊಂದು ಕಾರಣ. ಆಳಕ್ಕೆ ಇಳಿಯುವ ಬೇರು ಇನ್ನೊಂದು.

ಹುಡುಗನಿದ್ದಾಗ ನಾನು ದನಕ್ಕೆಂದು ಒಂದು ಸಾಲಿನ ಹಸಿರೆಲೆ ಸುಲಿದು ತಂದಿದ್ದೆ. ಅಪ್ಪ ಅವತ್ತು ಏನೂ ಅನ್ನಲಿಲ್ಲ. ಸುಗ್ಗಿಯಲ್ಲಿ ಆ ಸಾಲಿನದೊಂದು, ಪಕ್ಕದ ಸಾಲಿನದೊಂದು ತೆನಿ ನನ್ನ ಎರಡೂ ಕೈಗಿಟ್ಟು "ತೂಗಿ ನೋಡಪಾ" ಅಂದ. ತೆನಿಯ ಹತ್ತಿರದ ನಾಲ್ಕೈದು ಎಲೆಗಳೇ ಕಾಳಿಗೆ ಹೆಚ್ಚಿನ ಸಕ್ಕರೆ ಉಣಿಸುತ್ತವೆ ಎಂದು ಓದಿದ್ದು ಎಷ್ಟೋ ವರ್ಷದ ಮೇಲೆ. ಕಾಳು ಬಲಿಯುವ ತನಕ ಆ ಎಲೆ ಮುಟ್ಟಬೇಡಿ. ಎತ್ತಿಗೆ ಆಮೇಲೆ ಕಣಿಕಿ ಸಿಗುತ್ತದೆ, ಅದರ ಸಗಣಿಯೇ ಬರುವ ವರ್ಷದ ಸೀತನಿಗೆ ಕುಳ್ಳಾಗುತ್ತದೆ.

ಈ ಭಾನುವಾರ ಹೊಲಕ್ಕೆ ಹೋಗುವವರು ಇಬ್ಬನಿ ಆರುವ ಮುಂಚೆ ಹೋಗಿ, ಕಡ್ಲಿ ಎಲೆಯ ಹುಳಿ ನೋಡಿಕೊಂಡು ಆಮೇಲೆ ಬೆಂಕಿ ಹೂಡಿ. ಹೊಲದವರನ್ನು ಕೇಳದೆ ತೆನಿ ಮುರಿಯಬೇಡಿ; ಕೇಳಿದರೆ ಅವರೇ ಒಳ್ಳೆಯದನ್ನು ಆರಿಸಿ ಕೊಡುತ್ತಾರೆ.