'ಇರು' ಎಂದರೆ ಹೋಗು

ಎಸ್ಪೆರಾಂಟೊ ಭಾಷೆಯಲ್ಲಿ ಒಬ್ಬರಿಗೆ 'ಹೋಗು' ಎನ್ನಬೇಕಾದರೆ 'ಇರು' ಎನ್ನಬೇಕು. 1887ರಲ್ಲಿ ಜಾಮೆನ್‌ಹಾಫ್ ವಾರ್ಸಾದಲ್ಲಿ ಪ್ರಕಟಿಸಿದ ಈ ಕಟ್ಟಿದ ಭಾಷೆಯಲ್ಲಿ 'ಇರಿ' ಎಂಬುದು ಹೋಗುವ ಕ್ರಿಯೆಯ ಹೆಸರು. ಬರೀ ಕಾಕತಾಳೀಯ, ನಿಜ. ಬಳ್ಳಾರಿ ಸೀಮೆಯವರಿಗೆ ಇಂಥದ್ದು ಹೊಸದೂ ಅಲ್ಲ. ಸಿರುಗುಪ್ಪದ ಬಸ್ಸಿನಲ್ಲಿ ಒಬ್ಬರು ತೆಲುಗಿನಲ್ಲಿ 'ಆಗು' ಎಂದರೆ ನಿಲ್ಲು ಎಂದರ್ಥ. ಪಕ್ಕದ ಸೀಟಿನ ಕನ್ನಡದ 'ಆಗು' ಬೇರೆಯದೇ.

ಈ ಭಾಷೆಯ ಅಭಿಮಾನಿಗಳು ಹೊಗಳುವುದು ಅದರ ಸ್ಪಷ್ಟತೆಯನ್ನು. ನಿಲ್ಲುವ ಕ್ರಿಯಾಪದಗಳ ಮಟ್ಟಿಗೆ ಆ ಹೊಗಳಿಕೆ ಸಲ್ಲುತ್ತದೆ. ಕಾಲ ಮೇಲೆ ನಿಂತಿರುವುದು 'ಸ್ತಾರಿ', ಚಲಿಸುತ್ತಿದ್ದದ್ದು ನಿಲ್ಲುವುದು 'ಹಾಲ್ತಿ', ಮಳೆಯಂಥದ್ದು ನಿಲ್ಲುವುದು 'ಚೇಸಿ', ಉಳಿದುಕೊಳ್ಳುವುದು 'ರೆಸ್ತಿ'. ಕುರುಗೋಡಿನ ದೊಡ್ಡಬಸವೇಶ್ವರನ ತೇರು 'ನಿಂತಿದೆ' ಎಂದರೆ ಎಳೆಯುವಾಗ ನಡುಬೀದಿಯಲ್ಲಿ ತಡೆಯಿತೋ, ಎಳೆಯುವವರಿಗಾಗಿ ಕಾದು ನಿಂತಿದೆಯೋ, ಕನ್ನಡ ಹೇಳುವುದಿಲ್ಲ. ಎಸ್ಪೆರಾಂಟೊ ಹೇಳಲೇಬೇಕು.

ಹಾಗೆಂದು ಕನ್ನಡ ಮಸುಕು ಎನ್ನುವಂತಿಲ್ಲ. ಅದು ಭೇದವನ್ನು ಧಾತುವಿನಲ್ಲಿ ಇಡದೆ ಬಾಲದಲ್ಲಿ ಇಡುತ್ತದೆ: ನಿಂತುಕೊಂಡ, ನಿಂತುಬಿಟ್ಟ, ನಿಂತುಹೋಯಿತು. ಕೊನೆಯದನ್ನು ಗಮನಿಸಿ. ನಿಲ್ಲುವುದು ಪೂರ್ತಿಯಾಗಲು ಇಲ್ಲಿ 'ಹೋಗು' ಬೇಕು! ಚಲನೆ, ನಿಲುಗಡೆಗಳನ್ನು ಎದುರುಬದುರು ಕೂರಿಸಿರುವ ಭಾಷೆಗೆ ಈ ಪದ ಅಚ್ಚರಿಯೇ ಸರಿ.

ಇದು ಬರೀ ವ್ಯಾಕರಣದ ಆಟವಲ್ಲ, ಅನುವಾದದಲ್ಲಿ ಪೆಟ್ಟು ಕೊಡುತ್ತದೆ. 12ನೇ ಶತಮಾನದ ವಚನಗಳ ಸ್ಥಾವರ, ಜಂಗಮಗಳನ್ನೇ ತೆಗೆದುಕೊಳ್ಳಿ. ಒಂದರ ಮೂಲದಲ್ಲಿ ನಿಲ್ಲುವ ಧಾತು, ಇನ್ನೊಂದರಲ್ಲಿ ಹೋಗುವ ಧಾತು. ಅದೂ ಇಮ್ಮಡಿಸಿ ಬಂದದ್ದು, ಹೋಗುತ್ತಲೇ ಇರುವುದು. ಎಸ್ಪೆರಾಂಟೊದಲ್ಲಿ ಇದಕ್ಕೆ ಸಲಕರಣೆ ಸಿದ್ಧವಿದೆ. ಕ್ರಿಯೆ ಮುಂದುವರಿಯುವುದನ್ನು ಹೇಳುವ 'ಆದ್' ಸೇರಿಸಿದರೆ 'ಇರಾದಿ', ಹಾಗೆ ಹೋಗುತ್ತಲೇ ಇರುವವ 'ಇರಾದಾಂತೋ'. ಎಷ್ಟು ಚೆನ್ನಾಗಿ ಕೂಡಿತು ಅನ್ನಿಸುತ್ತದೆ. ತೊಡಕು ಇರುವುದು ಆ 'ವ'ದಲ್ಲೇ. 'ಆಂತೋ' ಬಂದರೆ ಅದು ವ್ಯಕ್ತಿ. ವಸ್ತುವಾದರೆ 'ಆಜೋ' ಎಂಬ ಬೇರೆ ಪ್ರತ್ಯಯ ಹಚ್ಚಬೇಕು. ವಚನಗಳ ಜಂಗಮ ಮನೆಬಾಗಿಲಿಗೆ ಬಂದ ಶರಣನೂ ಹೌದು, ಚಲಿಸುವ ತತ್ತ್ವವೂ ಹೌದು. ಬಸವಣ್ಣ ಎರಡರಲ್ಲಿ ಒಂದನ್ನು ಆರಿಸಲಿಲ್ಲ. ಈ ಭಾಷೆ ಅನುವಾದಕನಿಂದ ಆರಿಸಿಯೇ ತೀರುತ್ತದೆ.

'ಜಂಗಮೋ' ಎಂದು ಪದವನ್ನೇ ಎರವಲು ಪಡೆಯಬಹುದು. ಆಗ ಓದುಗನ ಕಿವಿಗೆ ಅದರೊಳಗಿನ ನಡಿಗೆ ಕೇಳುವುದಿಲ್ಲ. ನಾನಾದರೆ 'ಇರಾದೋ', ಅಂದರೆ ನಡೆಯುತ್ತಿರುವಿಕೆ, ಎಂದು ಇಟ್ಟು, ಶರಣನನ್ನು ಮುಂದಿನ ಸಾಲಿನಲ್ಲಿ ಕರೆತರುತ್ತೇನೆ.