ಇರುಳಿನ ರಸ್ತೆಯಲ್ಲಿ ಡ್ಯಾಶ್‌ಕ್ಯಾಮ್ ಕಾಣುವುದೆಷ್ಟು?

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ವರ್ಷ ಒಂದು ಮೆಮೊರಿ ಕಾರ್ಡ್ ಹಿಡಿದು ಮೈಸೂರಿನ ನಮ್ಮ ಮನೆಗೆ ಬಂದರು. ಎಚ್.ಡಿ. ಕೋಟೆ ರಸ್ತೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ, ಅವರ ಮುಂದೆ ಹೋಗುತ್ತಿದ್ದ ಬೈಕಿಗೆ ಎದುರಿನಿಂದ ಬಂದ ಕಾರೊಂದು ತಗುಲಿ ನಿಲ್ಲದೆ ಹೊರಟುಹೋಗಿತ್ತು. ಸವಾರನ ಕಾಲು ಮುರಿದಿತ್ತು. ಇವರ ಕಾರಿನಲ್ಲಿ ಮೂರೂವರೆ ಸಾವಿರ ರೂಪಾಯಿಯ ಡ್ಯಾಶ್‌ಕ್ಯಾಮ್ ಇದ್ದುದರಿಂದ ಎಲ್ಲವೂ ದಾಖಲಾಗಿತ್ತು. "ಸರ್, ನಂಬರ್ ಸ್ವಲ್ಪ ಮಸುಕಾಗಿದೆ, ಸ್ಪಷ್ಟ ಮಾಡಿಕೊಡಿ" ಎಂದರು. ಇಬ್ಬರೂ ಕುಳಿತು ಆ ಎರಡು ಸೆಕೆಂಡುಗಳ ದೃಶ್ಯವನ್ನು ಒಂದೊಂದೇ ಚೌಕಟ್ಟಾಗಿ ನೋಡಿದೆವು. ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಇದ್ದುದು ಬಿಳಿಯ ಗೀರು ಮಾತ್ರ.

ಆ ಕ್ಯಾಮೆರಾ ಕೆಟ್ಟಿರಲಿಲ್ಲ. ಹಗಲಿನ ಚಿತ್ರಗಳು ಚೆನ್ನಾಗಿಯೇ ಇದ್ದವು. ಅದರ ಪೆಟ್ಟಿಗೆಯ ಮೇಲೆ 'ಫುಲ್ ಎಚ್‌ಡಿ', 'ನೈಟ್ ವಿಷನ್' ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿತ್ತು. ಆ ಮಾತುಗಳು ಕೊಳ್ಳುವವರಲ್ಲಿ ಹುಟ್ಟಿಸುವ ನಂಬಿಕೆಗೂ ಭೌತವಿಜ್ಞಾನ ಅನುಮತಿಸುವುದಕ್ಕೂ ಎಷ್ಟು ಅಂತರವಿದೆ ಎಂಬುದೇ ಈ ವಿಮರ್ಶೆಯ ವಿಷಯ. ಇದರಲ್ಲಿ ಬರುವ ಲೆಕ್ಕಗಳು ಪಿ.ಯು.ಸಿ. ಮಟ್ಟದವು. ನೀವೂ ಕಾಗದ, ಪೆನ್ಸಿಲ್ ಹಿಡಿದು ಹಾಕಿ ನೋಡಬಹುದು.

ಪಿಕ್ಸೆಲ್‌ಗಳ ಲೆಕ್ಕ

ಫುಲ್ ಎಚ್‌ಡಿ ಚಿತ್ರದ ಅಗಲದಲ್ಲಿ 1920 ಪಿಕ್ಸೆಲ್‌ಗಳಿರುತ್ತವೆ. ಮಸೂರವು 120 ಡಿಗ್ರಿಯ ಕೋನವನ್ನು ಕಾಣುವುದಾದರೆ, ಸ್ಥೂಲವಾಗಿ ಒಂದು ಡಿಗ್ರಿಗೆ 16 ಪಿಕ್ಸೆಲ್. ಕಾರಿನ ಉದ್ದನೆಯ ನಂಬರ್ ಪ್ಲೇಟ್ 500 ಮಿ.ಮೀ. ಅಗಲ, 120 ಮಿ.ಮೀ. ಎತ್ತರವಿರುತ್ತದೆ. 15 ಮೀ. ದೂರದಿಂದ ಅದು ಸುಮಾರು 1.9 ಡಿಗ್ರಿ ಕೋನವನ್ನು, ಅಂದರೆ 30 ಪಿಕ್ಸೆಲ್‌ಗಳನ್ನು ಆವರಿಸುತ್ತದೆ. ಪ್ಲೇಟಿನಲ್ಲಿ ಸಾಮಾನ್ಯವಾಗಿ ಹತ್ತು ಅಕ್ಷರ ಮತ್ತು ಅಂಕಿಗಳಿರುತ್ತವೆ. ಒಂದೊಂದಕ್ಕೆ ಸಿಗುವುದು 3 ಪಿಕ್ಸೆಲ್! ಮೂರು ಚುಕ್ಕೆಗಳ ಅಗಲದಲ್ಲಿ 8 ಮತ್ತು ಇಂಗ್ಲಿಷಿನ ಬಿ ಅಕ್ಷರಗಳ ವ್ಯತ್ಯಾಸವನ್ನು ತೋರಿಸುವುದು ಹೇಗೆ? 5 ಮೀ. ದೂರದಲ್ಲಾದರೆ ಒಂದೊಂದಕ್ಕೆ 9 ಪಿಕ್ಸೆಲ್ ಸಿಕ್ಕಿ ಓದಲು ಸಾಧ್ಯವಾಗುತ್ತದೆ. ಕೋನ ಅಗಲವಾದಷ್ಟೂ ಒಳ್ಳೆಯದೆಂದು ಜಾಹೀರಾತು ಹೇಳುತ್ತದೆ. ಆದರೆ ಅಷ್ಟೇ ಪಿಕ್ಸೆಲ್‌ಗಳನ್ನು ಹೆಚ್ಚು ಅಗಲಕ್ಕೆ ಹಂಚಿದರೆ ಪ್ರತಿ ವಸ್ತುವಿನ ಪಾಲು ಕಡಿಮೆಯಾಗಲೇಬೇಕು.

ಇದು ಹಗಲಿಗೂ ಅನ್ವಯಿಸುವ ಮಿತಿ. ಇರುಳಿನಲ್ಲಿ ಚಲನೆಯ ತೊಂದರೆ ಸೇರಿಕೊಳ್ಳುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾ ಒಂದು ಚಿತ್ರಕ್ಕಾಗಿ ಹೆಚ್ಚೆಂದರೆ 1/30 ಸೆಕೆಂಡ್ ಬೆಳಕನ್ನು ಸಂಗ್ರಹಿಸಬಲ್ಲುದು. ಕತ್ತಲೆಯಲ್ಲಿ ಅಗ್ಗದ ಕ್ಯಾಮೆರಾ ಈ ಮಿತಿಯ ಸಮೀಪಕ್ಕೇ ಹೋಗುತ್ತದೆ. ನೀವು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದು, ಎದುರಿನ ಕಾರೂ ಅದೇ ವೇಗದಲ್ಲಿ ಬರುತ್ತಿದ್ದರೆ ಸಾಪೇಕ್ಷ ವೇಗ ಸೆಕೆಂಡಿಗೆ 33 ಮೀ. ಒಂದು ಚಿತ್ರ ಮೂಡುವಷ್ಟರಲ್ಲಿ ಆ ಕಾರು 1.1 ಮೀ. ಹತ್ತಿರ ಬಂದಿರುತ್ತದೆ. ಅದು ನಿಮ್ಮ ಬಲಕ್ಕೆ 3 ಮೀ. ಸರಿದಿದ್ದು, 15 ಮೀ. ಮುಂದಿದ್ದರೆ, ಅದರ ದಿಕ್ಕು 11.3 ಡಿಗ್ರಿಯಿಂದ 12.2 ಡಿಗ್ರಿಗೆ ಬದಲಾಗುತ್ತದೆ. ಈ 0.9 ಡಿಗ್ರಿ ಎಂದರೆ 14 ಪಿಕ್ಸೆಲ್. ಮೂರು ಪಿಕ್ಸೆಲ್ ಅಗಲದ ಅಕ್ಷರ ಹದಿನಾಲ್ಕು ಪಿಕ್ಸೆಲ್‌ಗಳಷ್ಟು ಉಜ್ಜಿಹೋಗುತ್ತದೆ. ನನ್ನ ವಿದ್ಯಾರ್ಥಿ ತಂದ ಬಿಳಿಯ ಗೀರಿನ ರಹಸ್ಯ ಇದೇ.

ಫೋಟಾನ್‌ಗಳ ಬಡತನ

ಒಡ್ಡಿಕೆಯ ಕಾಲವನ್ನು ಕಡಿಮೆ ಮಾಡಿದರಾಯಿತಲ್ಲವೇ ಎಂದು ನೀವು ಕೇಳಬಹುದು. ಅಡ್ಡಿಯಾಗುವುದು ಬೆಳಕಿನ ಕೊರತೆ. ನೇರ ಬಿಸಿಲಿನ ದೀಪ್ತಿ ಸುಮಾರು ಒಂದು ಲಕ್ಷ ಲಕ್ಸ್. ಬೀದಿದೀಪವಿರುವ ರಸ್ತೆಯಲ್ಲಿ 10 ಲಕ್ಸ್ ಇದೆ ಎಂದಿಟ್ಟುಕೊಳ್ಳೋಣ. ಬೆಳಕು ಹತ್ತು ಸಾವಿರ ಪಟ್ಟು ಕಡಿಮೆಯಾಯಿತು. ಹಗಲಿನ 1/1000 ಸೆಕೆಂಡ್ ಬದಲು 1/30 ಸೆಕೆಂಡ್ ತೆರೆದಿಟ್ಟರೂ ಸರಿದೂಗುವುದು 33 ಪಟ್ಟು ಮಾತ್ರ. ಇನ್ನೂ 300 ಪಟ್ಟು ಕೊರತೆ ಉಳಿಯುತ್ತದೆ.

ಈ ಕೊರತೆಯನ್ನು ಕ್ಯಾಮೆರಾ ಸಂಕೇತವನ್ನು ವರ್ಧಿಸಿ ಮುಚ್ಚುತ್ತದೆ. ಆದರೆ ವರ್ಧನೆಯಿಂದ ಹೊಸ ಮಾಹಿತಿ ಹುಟ್ಟುವುದಿಲ್ಲ. ಫೋಟಾನ್‌ಗಳು ಮಳೆಹನಿಗಳಂತೆ ಯಾದೃಚ್ಛಿಕವಾಗಿ ಬಂದು ಬೀಳುತ್ತವೆ. ಸರಾಸರಿ ಸಂಖ್ಯೆಯ ವರ್ಗಮೂಲದಷ್ಟು ಏರಿಳಿತ ಅದರಲ್ಲಿ ಸಹಜ. ಹಗಲಿನಲ್ಲಿ ಒಂದು ಪಿಕ್ಸೆಲ್‌ಗೆ 9000 ಫೋಟಾನ್ ಬಿದ್ದರೆ ಏರಿಳಿತ 95, ಅಂದರೆ ಶೇ. 1. ಇರುಳಿನಲ್ಲಿ 30 ಫೋಟಾನ್ ಬಿದ್ದರೆ ಏರಿಳಿತ 5.5, ಅಂದರೆ ಶೇ. 18. ಇರುಳಿನ ಚಿತ್ರದಲ್ಲಿ ಕುದಿಯುವಂತೆ ಕಾಣುವ ಚುಕ್ಕೆಗಳಿಗೆ ಇದು ಮುಖ್ಯ ಕಾರಣ. ಕಡತದ ಗಾತ್ರ ಇಳಿಸಲು ಮಾಡುವ ಸಂಕೋಚನೆಯಲ್ಲಿ ಈ ಚುಕ್ಕೆಗಳೊಡನೆ ಸೂಕ್ಷ್ಮ ವಿವರಗಳೂ ಅಳಿಸಿಹೋಗುತ್ತವೆ.

ಹಾಗಾದರೆ 4ಕೆ ಕ್ಯಾಮೆರಾ ಕೊಂಡರೆ? ಸೋನಿ ಕಂಪನಿಯ ಎರಡು ಸಂವೇದಕಗಳನ್ನು ಹೋಲಿಸೋಣ. ಐಎಂಎಕ್ಸ್307 ಸುಮಾರು 2 ಮೆಗಾಪಿಕ್ಸೆಲ್‌ನದು, ಅದರ ಪಿಕ್ಸೆಲ್ ಬದಿ 2.9 ಮೈಕ್ರೊಮೀಟರ್. ಐಎಂಎಕ್ಸ್415 ಸುಮಾರು 8 ಮೆಗಾಪಿಕ್ಸೆಲ್‌ನದು, ಪಿಕ್ಸೆಲ್ ಬದಿ 1.45 ಮೈಕ್ರೊಮೀಟರ್. ಎರಡರ ಒಟ್ಟು ಗಾತ್ರ ಹೆಚ್ಚುಕಡಿಮೆ ಒಂದೇ. ಪಿಕ್ಸೆಲ್‌ಗಳು ನಾಲ್ಕು ಪಟ್ಟಾದವು. ಪ್ರತಿಯೊಂದಕ್ಕೂ ಬೀಳುವ ಬೆಳಕು ಕಾಲು ಭಾಗವಾಯಿತು. ಒಂದೇ ಹೊಲವನ್ನು ನಾಲ್ಕು ಪಾಲು ಮಾಡಿದರೆ ಒಟ್ಟು ಮಳೆ ಹೆಚ್ಚುವುದಿಲ್ಲ. ಹಗಲಿನಲ್ಲಿ 4ಕೆಯಿಂದ ನಿಜವಾದ ಲಾಭವಿದೆ. ಇರುಳಿನಲ್ಲಿ ಆ ಲಾಭದ ಬಹುಪಾಲು ಕರಗಿಹೋಗುತ್ತದೆ.

ಕೆಲವು ಅಗ್ಗದ ಮಾದರಿಗಳಲ್ಲಿ ಮಸೂರದ ಸುತ್ತ ಅವಕೆಂಪು ಎಲ್‌ಇಡಿಗಳನ್ನು ಜೋಡಿಸಿ ಅದನ್ನೇ 'ನೈಟ್ ವಿಷನ್' ಎನ್ನುತ್ತಾರೆ. ಅವುಗಳ ಕ್ಷೀಣ ಬೆಳಕಿನ ಒಂದು ಪಾಲು ಮುಂಭಾಗದ ಗಾಜಿನಲ್ಲೇ ಪ್ರತಿಫಲಿಸಿ ಮಸೂರಕ್ಕೆ ಮರಳುತ್ತದೆ. ಉಳಿದದ್ದು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಕಾರಿನ ಒಳಭಾಗವನ್ನು ಚಿತ್ರೀಕರಿಸಲು ಇದು ಸರಿ, ರಸ್ತೆಗೆ ಉಪಯೋಗವಿಲ್ಲ.

ಹೆದ್ದಾರಿಯ ಕ್ಯಾಮೆರಾ ಓದುವುದು ಹೇಗೆ?

ಮಾರ್ಚ್ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಪೊಲೀಸ್ ಕ್ಯಾಮೆರಾಗಳು ರಾತ್ರಿಯೂ ನಂಬರ್ ಓದಿ ದಂಡದ ಸೂಚನೆ ಕಳಿಸುತ್ತವಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಂಬರ್ ಓದಲೆಂದೇ ಮಾಡಿದ ಕ್ಯಾಮೆರಾಗಳ ತತ್ತ್ವವೇ ಬೇರೆ. ಅವು ಅಲ್ಲಾಡದೆ ನಿಂತು ಕಿರಿದಾದ ಕೋನವನ್ನಷ್ಟೇ ನೋಡುತ್ತವೆ. ಆದ್ದರಿಂದ ಒಂದು ಅಕ್ಷರಕ್ಕೆ ಹತ್ತಾರು ಪಿಕ್ಸೆಲ್ ಸಿಗುತ್ತದೆ. ಪ್ರಬಲವಾದ ಅವಕೆಂಪು ಬೆಳಕನ್ನು ಹಾಯಿಸಿ, ಅತ್ಯಲ್ಪ ಕಾಲ ಮಾತ್ರ ಷಟರ್ ತೆರೆಯುತ್ತವೆ. ನಂಬರ್ ಪ್ಲೇಟಿನ ಹಾಳೆ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವ ಗುಣವುಳ್ಳದ್ದು. ಹೀಗಾಗಿ ಚಿತ್ರದಲ್ಲಿ ಉಳಿದದ್ದೆಲ್ಲ ಕಪ್ಪಾಗಿ, ಪ್ಲೇಟ್ ಮಾತ್ರ ಬೆಳಗುತ್ತದೆ.

ಇದೇ ಗುಣ ಡ್ಯಾಶ್‌ಕ್ಯಾಮ್‌ಗೆ ಮುಳುವಾಗುತ್ತದೆ. ಅದು ಇಡೀ ದೃಶ್ಯದ ಸರಾಸರಿ ಬೆಳಕನ್ನು ಅಳೆದು, 'ಕತ್ತಲಿದೆ' ಎಂದು ನಿರ್ಧರಿಸಿ ವರ್ಧನೆಯನ್ನು ಏರಿಸುತ್ತದೆ. ನಿಮ್ಮ ಹೆಡ್‌ಲೈಟ್ ಮುಂದಿನ ಕಾರಿನ ಪ್ಲೇಟಿನ ಮೇಲೆ ಬಿದ್ದು ಹಿಂತಿರುಗಿದಾಗ ಆ ಭಾಗದ ಪಿಕ್ಸೆಲ್‌ಗಳು ಪರ್ಯಾಪ್ತವಾಗಿ ಪ್ಲೇಟ್ ಬಿಳಿಯ ಚೌಕವಾಗುತ್ತದೆ. ಅಂದರೆ ದೂರದ ಪ್ಲೇಟನ್ನು ಬೆಳಕಿನ ಕೊರತೆ ಕೆಡಿಸಿದರೆ, ಹತ್ತಿರದ್ದನ್ನು ಬೆಳಕಿನ ಹೆಚ್ಚಳ ಕೆಡಿಸುತ್ತದೆ.

ಹಾಗಾದರೆ ಬೇಡವೇ?

ಬೇಕು. ಡ್ಯಾಶ್‌ಕ್ಯಾಮ್ ಕೊಳ್ಳಬೇಡಿ ಎನ್ನುವುದು ನನ್ನ ವಾದವಲ್ಲ. ಇರುಳಿನಲ್ಲಿ ಅದು ಘಟನೆಗೆ ಸಾಕ್ಷಿ, ಗುರುತಿಗೆ ಸಾಕ್ಷಿಯಲ್ಲ. ಸಿಗ್ನಲ್ ಕೆಂಪಿತ್ತೋ ಹಸಿರಿತ್ತೋ, ಯಾರು ಗೆರೆ ದಾಟಿದರು, ಮುಂದಿನ ವಾಹನದ ಬ್ರೇಕ್ ದೀಪ ಹತ್ತಿತ್ತೋ ಇಲ್ಲವೋ ಎಂಬುದನ್ನು ಅಗ್ಗದ ಕ್ಯಾಮೆರಾವೂ ಚೆನ್ನಾಗಿ ಹೇಳುತ್ತದೆ. ನನ್ನ ವಿದ್ಯಾರ್ಥಿಯ ದೃಶ್ಯದಲ್ಲೂ ಕಾರು ರಸ್ತೆಯ ನಡುಗೆರೆ ದಾಟಿ ಬಂದದ್ದು, ಅದರ ಒಂದು ಹೆಡ್‌ಲೈಟ್ ಉರಿಯದೆ ಇದ್ದದ್ದು ಸ್ಪಷ್ಟವಾಗಿತ್ತು. ಸವಾರ ತನ್ನ ಎಡಬದಿಯಲ್ಲೇ ಇದ್ದನೆಂಬುದೂ ಖಚಿತವಾಯಿತು. ತಪ್ಪು ಅವನದಲ್ಲ ಎಂದು ತೋರಿಸಲು ಅದು ಸಣ್ಣ ಸಂಗತಿಯೇನಲ್ಲ.

ಕೆಲವು ಸರಳ ಕ್ರಮಗಳಿಂದ ಫಲಿತಾಂಶವನ್ನು ಸುಧಾರಿಸಬಹುದು. ಗಾಜನ್ನು ಒಳಗೂ ಹೊರಗೂ ಶುಚಿಯಾಗಿಡಿ. ಎಣ್ಣೆ, ದೂಳಿನ ಪದರ ಎದುರಿನ ದೀಪದ ಬೆಳಕನ್ನು ಚದರಿಸುತ್ತದೆ. ಇರುಳಿನ ಪ್ರಯಾಣದಲ್ಲಿ ಇವಿ ಮೌಲ್ಯವನ್ನು ಒಂದು ಹಂತ ಇಳಿಸಿ ನೋಡಿ. ರಸ್ತೆ ತುಸು ಕಪ್ಪಾದರೂ ಪ್ಲೇಟ್ ಉಳಿಯಬಹುದು. ಆವರ್ತನವನ್ನು 50 ಹರ್ಟ್ಸ್‌ಗೆ ಇಡಿ. ನಮ್ಮ ವಿದ್ಯುತ್ ಸರಬರಾಜು 50 ಹರ್ಟ್ಸ್ ಆದ್ದರಿಂದ ಹಲವು ಬೀದಿದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ; 60ಕ್ಕೆ ಇಟ್ಟರೆ ಚಿತ್ರದಲ್ಲಿ ಪಟ್ಟೆಗಳು ಹರಿಯುತ್ತವೆ. ಎಲ್ಲಕ್ಕಿಂತ ಅಗ್ಗದ ಉಪಾಯ ಇನ್ನೊಂದಿದೆ. ನಂಬರ್ ನಿಮ್ಮ ಕಣ್ಣಿಗೆ ಕಂಡ ಕೂಡಲೇ ಗಟ್ಟಿಯಾಗಿ ಓದಿ ಹೇಳಿ. ಕ್ಯಾಮೆರಾ ನೋಡಲಾರದ್ದನ್ನು ಅದರ ಮೈಕ್ ಕೇಳಿಸಿಕೊಳ್ಳುತ್ತದೆ.

ಕಾರ್ಡ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ಆದ್ದರಿಂದ ಅಪಘಾತದ ನಂತರ ಕಾರ್ಡನ್ನು ತೆಗೆದಿಡಿ. ಮೂಲ ಕಡತವನ್ನು ತಿದ್ದಬೇಡಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರ ಕೊಡಬೇಕು. ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಷ್ ಮೌಲ್ಯವನ್ನು ಆ ಪತ್ರದಲ್ಲಿ ನಮೂದಿಸಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಸುಕಾದ ಚಿತ್ರವನ್ನು 'ಸ್ಪಷ್ಟ' ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಫೋನಿನಲ್ಲೇ ಸಿಗುತ್ತವೆ. ನನ್ನ ವಿದ್ಯಾರ್ಥಿ ಅಂಥದೊಂದರಿಂದ ಪಡೆದ ಚಿತ್ರವನ್ನೂ ತಂದಿದ್ದರು. ಅದರಲ್ಲಿ ಅಚ್ಚುಕಟ್ಟಾದ ನಾಲ್ಕು ಅಂಕಿಗಳಿದ್ದವು! ಪಕ್ಕದ ಚೌಕಟ್ಟನ್ನು ಅದೇ ತಂತ್ರಾಂಶಕ್ಕೆ ಕೊಟ್ಟೆವು. ಬೇರೆಯೇ ನಾಲ್ಕು ಅಂಕಿಗಳು ಬಂದವು. ಇಂಥ ತಂತ್ರಾಂಶ ಕಳೆದುಹೋದ ಮಾಹಿತಿಯನ್ನು ಹುಡುಕಿ ಕೊಡುವುದಿಲ್ಲ, ಸಂಭವನೀಯವಾದದ್ದನ್ನು ಊಹಿಸಿ ಬರೆಯುತ್ತದೆ. ಆ ಸಂಖ್ಯೆಯ ಕಾರು ಯಾರದೋ ನಿರಪರಾಧಿಯದಾಗಿದ್ದರೆ?

ಶಿಕ್ಷಕರು ಇದನ್ನು ತರಗತಿಯ ಪ್ರಯೋಗವಾಗಿಸಬಹುದು. 500 × 120 ಮಿ.ಮೀ. ರಟ್ಟಿನ ಮೇಲೆ ಹತ್ತು ಅಕ್ಷರ, ಅಂಕಿಗಳನ್ನು ಬರೆದು, ಶಾಲೆಯ ಮೈದಾನದಲ್ಲಿ 3, 5, 10, 15 ಮೀ. ದೂರದಲ್ಲಿಟ್ಟು ಹಗಲಿನಲ್ಲೂ ಸಂಜೆಗತ್ತಲಿನಲ್ಲೂ ಚಿತ್ರಿಸಿ. ಬರೆದವರನ್ನು ಬಿಟ್ಟು ಉಳಿದವರಿಂದ ಓದಿಸಿ, ಎಷ್ಟು ಸರಿಯಾಯಿತೆಂದು ದೂರಕ್ಕೆ ಎದುರಾಗಿ ನಕ್ಷೆ ಬರೆಯಿಸಿ. ತಯಾರಕರು ಪೆಟ್ಟಿಗೆಯ ಮೇಲೆ ಮುದ್ರಿಸಬೇಕಾದದ್ದು ಇಂಥ ನಕ್ಷೆಯನ್ನು: ಇಷ್ಟು ಬೆಳಕಿನಲ್ಲಿ, ಇಷ್ಟು ವೇಗದಲ್ಲಿ, ಇಷ್ಟು ದೂರದವರೆಗೆ ನಂಬರ್ ಓದಬಹುದು ಎಂದು. ಅದನ್ನು ಮುದ್ರಿಸುವವರೆಗೆ 'ನೈಟ್ ವಿಷನ್' ಎಂಬ ಮಾತಿಗೆ ಏಕಮಾನವಿಲ್ಲದ ಅಳತೆಯಷ್ಟೇ ಬೆಲೆ. ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಎಷ್ಟೆಂದು ಕೇಳುವ ಬದಲು ಸಂವೇದಕ ಯಾವುದು, ಪಿಕ್ಸೆಲ್ ಗಾತ್ರವೆಷ್ಟು, ಮಸೂರದ ಕೋನವೆಷ್ಟು ಎಂದು ಕೇಳಿ. ಉತ್ತರ ಸಿಗದಿದ್ದರೆ, ಇರುಳಿನಲ್ಲಿ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸದೆ ಕೊಳ್ಳಿ.