ನತ್ಥಾನ ಮನಿ ಮುಂದಿನ ವ್ಯಾನು

‘ಪೀಪ್ಲಿ ಲೈವ್’ ಬಂದದ್ದು 2010ರ ಆಗಸ್ಟ್‌ದಲ್ಲಿ. ಅನುಷಾ ರಿಜ್ವಿಯವರ ಹಿಂದಿ ಚಿತ್ರ, ನಿರ್ಮಾಣ ಆಮಿರ್ ಖಾನರ ಸಂಸ್ಥೆಯದು. ಬ್ಯಾಂಕಿನ ಸಾಲಕ್ಕೆ ಹೊಲ ಕಳಕೊಳ್ಳುವ ಹೊತ್ತಿಗೆ ಬಂದ ಅಣ್ಣತಮ್ಮ, ಬುಧಿಯಾ ಮತ್ತು ನತ್ಥಾ. ಜೀವ ಕಳಕೊಂಡ ರೈತನ ಮನೆಯವರಿಗೆ ಸರಕಾರ ರೊಕ್ಕ ಕೊಡತೈತಿ ಅಂತ ಊರ ಮುಖಂಡ ಚ್ಯಾಷ್ಟಿಗೆ ಹೇಳತಾನ. ಇವರು ಖರೇ ಅಂತ ಹಿಡೀತಾರ. ಪಾಳಿ ತಮ್ಮನ ಮ್ಯಾಲೆ ಬೀಳತೈತಿ. ಸುದ್ದಿ ಟಿ.ವಿ.ಗೆ ಮುಟ್ಟಿದ ಮ್ಯಾಲೆ ಊರಾಗ ಜಾತ್ರಿನ.

ಮೊದಲ ಸಲ ನೋಡಿದಾಗ ನಾನು ಹೊಟ್ಟಿ ಹಿಡಕೊಂಡು ನಕ್ಕಿದ್ದೆ. ಹೋದ ಬ್ಯಾಸಿಗ್ಯಾಗ ಮನೆಯಲ್ಲಿ ಐದಾರು ಮಂದಿ ಕೂತು ಮತ್ತೆ ನೋಡಿದೆವು. ಮುಗಿದ ಮೇಲೆ ಒಬ್ಬೊಬ್ಬರದು ಒಂದೊಂದು ಮಾತು. ಅಳಿಯ, “ಮೊದಲ ಅರ್ಧ ಭಾರಿ ಐತಿ ಮಾಮಾ, ಆಮ್ಯಾಲ ಎಳದಾರ” ಅಂದ. ನಮ್ಮಾಕಿಗೆ ಹಾಸಿಗಿ ಮ್ಯಾಲಿನ ಮುದುಕಿಯ ಬೈಗುಳವೇ ಚಿತ್ರ. ಕಾಕಾ ಮಾತ್ರ ಸಿಟ್ಟಾಗಿದ್ದರು. “ಸಾಯಾಂವನ ಮ್ಯಾಲೆ ನಗೂದೇನಪಾ?”

ಕಾಕಾನ ಸಿಟ್ಟು ಹೊಸದಲ್ಲ. ಚಿತ್ರ ಬಂದಾಗ ವಿದರ್ಭದ ರೈತ ಸಂಘಟನೆಯವರೂ ಪ್ರತಿಭಟಿಸಿದ್ದರು. ರೈತ ರೊಕ್ಕದ ಆಸೆಗೆ ಸಾಯುತ್ತಾನೆ ಅಂತ ತೋರಿಸಿದಂತಾಯಿತು ಎಂಬುದು ಅವರ ತಕರಾರು. ಅದರಲ್ಲಿ ಅರ್ಧ ಸತ್ಯವಿದೆ. ಸಾಲ ಹೆಂಗ ಬೆಳೆಯಿತು, ಆ ಹೊಲದಲ್ಲಿ ಏನು ಬೆಳೀತಿತ್ತು, ಮಳಿ ಎಷ್ಟು ವರ್ಷ ಕೈಕೊಟ್ಟಿತು, ಇದನ್ನೆಲ್ಲ ಚಿತ್ರ ಹೇಳುವುದೇ ಇಲ್ಲ. ಹೊಲ ಕಾಣದೆ ರೈತನ ಸಾವು ಮಾತ್ರ ಕಂಡರೆ ನೋಡುವವನಿಗೆ ಲೆಕ್ಕ ತಪ್ಪತೈತಿ. ಆದರೆ ನಗು ನತ್ಥಾನ ಮ್ಯಾಲಿಲ್ಲ. ಅಧಿಕಾರಿ ಲಾಲ್ ಬಹಾದ್ದೂರ್ ಹೆಸರಿನ ಕೈಪಂಪು ತಂದು ಕೊಡತಾನ, ಕೂಡಿಸುವವರಿಲ್ಲ. ನಮ್ಮ ಕಡೆಯ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಸಲ ನನಗೆ ನಗು ಬರಲಿಲ್ಲ. 2022ರ ನವೆಂಬರದಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತ ತಾಲೂಕಿನ 40 ಹಳ್ಳಿಗಳ ಮಾತೆತ್ತಿದರು. ನೀರಿಲ್ಲದ ಹೊತ್ತಿನಲ್ಲಿ ಇಲ್ಲಿನ ಪಂಚಾಯತಿಗಳು ಮಾಡಿದ್ದ ಹಳೆಯ ಠರಾವು ಎದ್ದು ಕೂತಿತು. ಒಂದೂ ಹಳ್ಳಿ ಬಿಡೂದಿಲ್ಲ ಅಂತ ಮುಂಬಯಿಯಿಂದ ಉತ್ತರ ಬಂತು. ಹಿಂದೆಯೇ ಕ್ಯಾಮರಾ ಬಂದವು. ಒಬ್ಬ ಅಜ್ಜ ಟ್ಯಾಂಕರ್ ನೀರು ಹಾಕಿ ಉಳಿಸಿದ ದಾಳಿಂಬಿ ಗಿಡದ ಕತೆ ಸುರು ಮಾಡಿದ. “ಅದು ಇರ್ಲಿ ಅಜ್ಜಾ, ಕರ್ನಾಟಕನೋ ಮಹಾರಾಷ್ಟ್ರನೋ ಅಷ್ಟ ಹೇಳ್ರಿ” ಅಂದ ಕೋಲು ಹಿಡಿದ ಹುಡುಗ. ಅಜ್ಜ ಏನು ಹೇಳಿದನೋ ನೆನಪಿಲ್ಲ. ದಾಳಿಂಬಿಯ ಮಾತಂತೂ ಟಿ.ವಿ.ಯಲ್ಲಿ ಬರಲಿಲ್ಲ.

ಆದ್ದರಿಂದ ಈ ಸಲ ನನ್ನ ಕಣ್ಣು ಹೋದದ್ದು ಹೋರಿ ಮಹತೋ ಮೇಲೆ. ಚಿತ್ರದಲ್ಲಿ ಅವನಿಗೆ ಮಾತೇ ಇಲ್ಲ ಅನ್ನಬೇಕು. ಮಣ್ಣು ಅಗೀತಾನ, ಮಾರತಾನ, ಒಂದಿನ ಅದೇ ತಗ್ಗಿನಾಗ ಸತ್ತು ಬಿದ್ದಿರತಾನ. ಆ ಸುದ್ದಿಯನ್ನು ಸಣ್ಣೂರಿನ ಪತ್ರಕರ್ತ ರಾಕೇಶ ಹೇಳಿದರೆ ದಿಲ್ಲಿಯಿಂದ ಬಂದಾಕಿಗೆ ಬ್ಯಾಡ. ಸುದ್ದಿ ಇರೂದು ನತ್ಥಾನದು. ಪ್ರೇಮಚಂದರ ‘ಗೋದಾನ’ದ ರೈತನ ಹೆಸರೂ ಹೋರಿ, ಹೆಂಡತಿ ಧನಿಯಾ. ನತ್ಥಾನ ಹೆಂಡತಿಯ ಹೆಸರೂ ಧನಿಯಾನೇ. ಎಳದಾರ ಅಂತ ಅಳಿಯ ಅಂದ ಭಾಗದಲ್ಲೇ ಹೋರಿ ಸಾಯೂದು.

ಅಳಿಯನಿಗೆ ‘ಡೋಂಟ್ ಲುಕ್ ಅಪ್’ ಹೆಚ್ಚು ಹಿಡಿಸಿದೆ. 2021ರ ಇಂಗ್ಲಿಷ್ ಚಿತ್ರ, ಭೂಮಿಗೆ ಧೂಮಕೇತು ಬಡಿಯುವ ಕತೆ, ಅಲ್ಲಿಯೂ ಟಿ.ವಿ.ಯವರದು ಇದೇ ಹಾಡು. ಚಲೋನೇ ಐತಿ. ಆದರೆ ಧೂಮಕೇತು ಆರು ತಿಂಗಳ ಮೊದಲೇ ತಾರೀಕು ಹೇಳಿ ಬರತೈತಿ, ದೊಡ್ಡವರ ತಲಿಮ್ಯಾಲೂ ಬೀಳತೈತಿ. ಬರಗಾಲಕ್ಕೆ ತಾರೀಕಿಲ್ಲ.

ಕಾಕಾಗೆ ಇದನ್ನೆಲ್ಲ ಹೇಳಿದೆ. ಒಪ್ಪಲಿಲ್ಲ. ಚಪ್ಪಲಿ ಮೆಟ್ಟುವಾಗ ಮಾತ್ರ ತಿರುಗಿ ಕೇಳಿದರು: “ಆ ಮಣ್ಣ ಅಗಿಯಾಂವನ ಹೆಸರ ಏನಂದಿ?”